ಕಡಲಿನ ನೀಲ-ಹಸಿರು ಪಾಚಿಯ ಗುರುತು

ಬಿ.ಎ. ಕೊನೆಯ ವರ್ಷದಲ್ಲಿ ಇತಿಹಾಸ, ಭೂಗೋಳ, ಕನ್ನಡಗಳನ್ನು ಓದುತ್ತಿರುವವನು ಪಾಚಿಯನ್ನು ಕುರಿತು ಬರೆಯ ಹೊರಟಿರುವುದನ್ನು ಕಂಡು ಗೆಳೆಯರು ನಕ್ಕರು. ಸೂಕ್ಷ್ಮದರ್ಶಕದ ಗೊಡವೆ ನಿನಗೇಕೆ ಎಂದು ಒಬ್ಬನು ಕೇಳಿಯೂ ಬಿಟ್ಟನು. ಅವನಿಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನವೇ ಆ ಉತ್ತರವೆಂದು ಅವನು ತಿಳಿಯಲಿ. ವಿಜ್ಞಾನ ಬಲ್ಲ ಗುರುಗಳು ನನ್ನ ತಪ್ಪುಗಳನ್ನು ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ, ಒಂದು ಬೇಸಗೆಯಲ್ಲಿ, ಹುನಗುಂದ ತಾಲೂಕಿನಲ್ಲಿರುವ ನನ್ನ ಸೋದರಮಾವನ ಎರಡು ಆಡುಗಳು ಊರ ಕೆರೆಯ ನೀರು ಕುಡಿದು ಬಂದ ರಾತ್ರಿಯೇ ಸತ್ತವು. ಕೆರೆ ಬತ್ತುತ್ತ ಬಂದಿತ್ತು. ಉಳಿದ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆಗಟ್ಟಿತ್ತು. ಯಾರೋ ನೀರಿಗೆ ವಿಷ ಹಾಕಿದರೆಂದು ಮಾವ ಬಗೆದನು. ಹೊಲದ ಬದುವಿನ ವಿಷಯದಲ್ಲಿ ಮೊದಲೇ ಮನಸ್ತಾಪವಿದ್ದ ನೆರೆಮನೆಯವರ ಮೇಲೆ ಆ ಮಾತು ಬಂದು ಕುಳಿತಿತು. ಅಂದಿನಿಂದ ಎರಡು ಮನೆಗಳ ನಡುವೆ ಬೆಂಕಿ ಬೂದಿಯ ವ್ಯವಹಾರವೂ ಇಲ್ಲ. ನೀರನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಪಾಚಿಯೆಂದರೆ ಪಾಚಿ, ಅದರಲ್ಲಿ ನೋಡುವಂಥದೇನು ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಅದು ನೆನಪಿಗೆ ಬಂದದ್ದು ಹೋದ ವರ್ಷದ ಮಾರ್ಚ್ ತಿಂಗಳಲ್ಲಿ, ಭೂಗೋಳದ ಪ್ರವಾಸಕ್ಕೆಂದು ಕಾರವಾರಕ್ಕೆ ಹೋದಾಗ. ಕಾಳಿ ನದಿ ಕಡಲು ಸೇರುವಲ್ಲಿಂದ ದೋಣಿಯಲ್ಲಿ ಸ್ವಲ್ಪ ದೂರ ಹೋದೆವು. ಗಾಳಿಯಿರಲಿಲ್ಲ. ನೀರಿನ ಮೇಲೆ ಕಂದು ಬಣ್ಣದ ಉದ್ದುದ್ದ ಪಟ್ಟೆಗಳು ತೇಲುತ್ತಿದ್ದವು. ಬಡಿಗೇರನು ಗರಗಸ ಹಾಕಿದ ಕಡೆ ಬೀಳುವ ಕಟ್ಟಿಗೆಯ ಹೊಟ್ಟನ್ನು ಯಾರೋ ಚೆಲ್ಲಿದಂತೆ. ನಮ್ಮ ಅಧ್ಯಾಪಕರು ಅಂಗೈಯಲ್ಲಿ ನೀರೆತ್ತಿ ನೋಡಿ, "ಇದು ಬಹುಶಃ ನೀಲ-ಹಸಿರು ಪಾಚಿ" ಎಂದರು. ನೀಲಿಯೂ ಅಲ್ಲ, ಹಸಿರೂ ಅಲ್ಲ, ಇದಕ್ಕೆ ಆ ಹೆಸರು ಹೇಗೆಂದು ಕೇಳಿದೆ. "ಕಣ್ಣಿಗೆ ಕಾಣುವ ಬಣ್ಣ ಬೇರೆ, ಬೆಳಕು ಹಾಕಿದಾಗ ಅದು ತಿರುಗಿ ಕೊಡುವ ಬಣ್ಣ ಬೇರೆ. ಎರಡನೆಯದರಿಂದ ಗುರುತು ಹಿಡಿಯುತ್ತಾರೆ" ಎಂದು ಅವರು ಹೇಳಿದರು. ಆ ಒಂದು ಮಾತಿನ ಬೆನ್ನು ಹತ್ತಿ ಒಂದು ವರ್ಷ ಓದಿದ್ದರ ಫಲ ಇದು.

ನೀಲ-ಹಸಿರು ಪಾಚಿಯೆಂಬುದು ಹಳೆಯ ಹೆಸರು. ಇದು ನಿಜವಾಗಿ ಪಾಚಿಯಲ್ಲ, ಬ್ಯಾಕ್ಟೀರಿಯಗಳ ಜಾತಿಗೆ ಸೇರಿದ್ದೆಂದು ಈಗ ತಿಳಿದಿರುವುದರಿಂದ ಸಯನೋಬ್ಯಾಕ್ಟೀರಿಯ ಎನ್ನುತ್ತಾರೆ. ಗಿಡಗಳಂತೆ ಬಿಸಿಲಿನಿಂದ ಆಹಾರ ಮಾಡಿಕೊಂಡು ಆಮ್ಲಜನಕವನ್ನು ಹೊರಬಿಡುವ ವಿದ್ಯೆಯನ್ನು ಭೂಮಿಯ ಮೇಲೆ ಮೊದಲು ಕಲಿತದ್ದು ಇವೇ. ಬಾದಾಮಿಯ ನಮಗೆ ಇವು ದೂರದವೂ ಅಲ್ಲ. ಬಾಗಲಕೋಟೆ, ಲೋಕಾಪುರಗಳ ಸುತ್ತಿನ ಸುಣ್ಣದ ಜಾತಿಯ ಕಲ್ಲುಗಳಲ್ಲಿ ಉಳ್ಳಾಗಡ್ಡಿಯನ್ನು ಅಡ್ಡಕ್ಕೆ ಕೊಯ್ದಾಗ ಕಾಣುವಂಥ ಪದರಗಳಿವೆ. ಭೂಗರ್ಭಶಾಸ್ತ್ರದಲ್ಲಿ ಅವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ನೂರು ಕೋಟಿ ವರ್ಷಗಳ ಆಚೆ ಇಲ್ಲಿ ಆಳವಿಲ್ಲದ ಕಡಲು ಇದ್ದಾಗ, ಇಂಥ ಜೀವಿಗಳ ಚಾಪೆಗಳು ಕೆಸರನ್ನು ಹಿಡಿದು ಒಂದರ ಮೇಲೊಂದು ಕಟ್ಟಿದ ಪದರಗಳವು. ಕಲ್ಲು ಉಳಿಯಿತು, ಬಣ್ಣ ಉಳಿಯಲಿಲ್ಲ. ಆದರೂ ಸಹಾರಾ ಮರುಭೂಮಿಯ ಅಡಿಯ, ಮಾರಿಟೇನಿಯ ದೇಶದ ಕಲ್ಲಿನಿಂದ ೧೧೦ ಕೋಟಿ ವರ್ಷಗಳಷ್ಟು ಹಳೆಯ ಗುಲಾಬಿ ಬಣ್ಣವನ್ನು ವಿಜ್ಞಾನಿಗಳು ತೆಗೆದಿರುವರೆಂದು ೨೦೧೮ರಲ್ಲಿ ಪ್ರಕಟವಾಯಿತು. ಅದು ಕಡಲಿನ ಇದೇ ಜೀವಿಗಳ ಪತ್ರಹರಿತ್ತಿನ ಅವಶೇಷ. ಹೀಗೆ ಬಣ್ಣದಿಂದ ಗುರುತು ಹಿಡಿಯುವ ಕೆಲಸ ಕಲ್ಲಿನಲ್ಲಿಯೂ ನಡೆದಿದೆ.

ಕಾರವಾರದಲ್ಲಿ ಕಂಡ ಹೊಟ್ಟಿನಂಥದು ಟ್ರೈಕೊಡೆಸ್ಮಿಯಮ್ ಎಂಬುದಿರಬೇಕು. ಎಳೆಗಳು ಕಟ್ಟು ಕಟ್ಟಾಗಿ ಸೇರಿರುವುದರಿಂದ ಕೂದಲು, ಕಟ್ಟು ಎಂಬರ್ಥದ ಗ್ರೀಕ್ ಮಾತುಗಳಿಂದ ಈ ಹೆಸರು. ಜರ್ಮನಿಯ ಎರೆನ್‌ಬರ್ಗ್ ಎಂಬ ವಿದ್ವಾಂಸನು ೧೮೨೩ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಇದನ್ನು ಕಂಡು ೧೮೩೦ರಲ್ಲಿ ಹೆಸರಿಟ್ಟನು. ಆ ಸಮುದ್ರಕ್ಕೆ ಕೆಂಪು ಎಂಬ ವಿಶೇಷಣ ಇದರಿಂದಲೇ ಬಂದಿರಬಹುದೆಂದು ಹೇಳುವವರಿದ್ದಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಗಾಳಿ ಅಡಗಿ ನೀರು ಬಿಸಿಯಾಗುವ ಫೆಬ್ರವರಿಯಿಂದ ಮೇ ತಿಂಗಳವರೆಗೆ ಇದು ತಲೆಯೆತ್ತುತ್ತದೆ. ಮಂಗಳೂರಿನ ಕಡಲಲ್ಲಿ ಇದು ಅಸಾಧಾರಣವಾಗಿ ಮುತ್ತಿಕೊಂಡಿದ್ದನ್ನು ಪ್ರಭು ಮತ್ತು ಅವರ ಸಹೋದ್ಯೋಗಿಗಳು ೧೯೬೫ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ತೊಗರಿ, ಕಡಲೆಗಳ ಬೇರಿನ ಗಂಟುಗಳಲ್ಲಿ ನಡೆಯುವಂತೆ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುವ ಶಕ್ತಿ ಇದಕ್ಕಿರುವುದರಿಂದ ಕಡಲಿಗೆ ಇದು ಉಪಕಾರಿಯೂ ಹೌದು. ಸಾಯುವಾಗ ಇದರ ಮೈಯೊಳಗಿನ ಕೆಂಪು ದ್ರವ್ಯ ಸೋರಿ ಸುತ್ತಲಿನ ನೀರು ನಸುಗೆಂಪಾಗುತ್ತದೆ. ಆ ಕೆಂಪು ದ್ರವ್ಯವೇ ನಮ್ಮ ಕಥೆಯ ನಾಯಕ.

ಟ್ರೈಕೊಡೆಸ್ಮಿಯಮ್ಮಿನ ಕಟ್ಟುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಇದರ ಬಂಧುಗಳಲ್ಲಿ ಬಹುಪಾಲು ಹಾಗಲ್ಲ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಗಾತ್ರ; ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರಿಯ ಚುಕ್ಕೆ. ಪಕ್ಕದಲ್ಲಿರುವ ಬೇರೆ ಬ್ಯಾಕ್ಟೀರಿಯವೂ ಅಂಥದೇ ಚುಕ್ಕೆ. ಆಕಾರ ನೋಡಿ ಹೆಸರು ಹೇಳುವ ಹಳೆಯ ಪದ್ಧತಿ ಇಲ್ಲಿ ಸೋಲುತ್ತದೆ. ಆಗ ನೆರವಿಗೆ ಬರುವುದು ಪ್ರತಿದೀಪ್ತಿ.

ಪ್ರತಿದೀಪ್ತಿಯೆಂದರೇನು? ಪೇಟೆಯಲ್ಲಿ ಕೆಲವು ಅಂಗಡಿಯವರು ನೋಟು ಖರೆಯೋ ಖೊಟ್ಟಿಯೋ ಎಂದು ನೋಡಲು ನೇರಳೆ ಬಣ್ಣದ ಸಣ್ಣ ದೀಪವನ್ನು ಇಟ್ಟುಕೊಂಡಿರುತ್ತಾರೆ. ಅದರ ಕೆಳಗೆ ನೋಟು ಹಿಡಿದರೆ ಅದರ ಸಂಖ್ಯೆಗಳು ಹೊಳೆಯುತ್ತವೆ. ದೀಪ ಚೆಲ್ಲುವ ಬೆಳಕು ಬೇರೆ, ಮಸಿ ತಿರುಗಿ ಕೊಡುವ ಬೆಳಕು ಬೇರೆ. ಕೆಲವು ದ್ರವ್ಯಗಳು ಹೀಗೆ ಒಂದು ಬಣ್ಣದ ಬೆಳಕನ್ನು ನುಂಗಿ, ಅದರಲ್ಲಿ ಸ್ವಲ್ಪ ಶಕ್ತಿಯನ್ನು ತಾವು ಇಟ್ಟುಕೊಂಡು, ಉಳಿದುದನ್ನು ಬೇರೆ ಬಣ್ಣದ ಬೆಳಕಾಗಿ ಕೂಡಲೇ ಹಿಂದಿರುಗಿಸುತ್ತವೆ. ಶಕ್ತಿ ಕಡಿಮೆಯಾದಂತೆ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ. ನೇರಳೆ ಕೊಟ್ಟರೆ ನೀಲಿಯೋ ಹಸಿರೋ ಬರಬಹುದು. ನೀಲಿ ಕೊಟ್ಟರೆ ಕಿತ್ತಳೆಯೋ ಕೆಂಪೋ ಬರಬಹುದು. ಇದಕ್ಕೆ ಇಂಗ್ಲೀಷಿನ ಹೆಸರಿಟ್ಟವನು ಜಾರ್ಜ್ ಸ್ಟೋಕ್ಸ್, ೧೮೫೨ರಲ್ಲಿ. ಎಲೆಯ ಹಸಿರು ರಸದ ಮೂಲಕ ಬಿಸಿಲು ಹಾಯಿಸಿದರೆ ಅದು ಕೆಂಪಾಗಿ ಹೊಳೆಯುವುದನ್ನು ಅವನಿಗಿಂತ ಮೊದಲೇ, ೧೮೩೩ರಲ್ಲಿ, ಡೇವಿಡ್ ಬ್ರೂಸ್ಟರ್ ಕಂಡಿದ್ದನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ನಮ್ಮ ಕರಾವಳಿಯಲ್ಲಿ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಮಿನುಗುವುದುಂಟು. ಅದು ನಾಕ್ಟಿಲೂಕ ಎಂಬ ಬೇರೊಂದು ಜೀವಿಯ ಕೆಲಸ. ಅದು ತನ್ನ ಬೆಳಕನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಕತ್ತಲೆಯಲ್ಲಿಯೂ ಮಿನುಗುತ್ತದೆ. ಪ್ರತಿದೀಪ್ತಿಗೆ ಹೊರಗಿನ ಬೆಳಕು ಬೇಕು. ದೀಪ ಆರಿಸಿದರೆ ಅದೂ ಆರಿತು.

ಇನ್ನು ನೀಲ-ಹಸಿರು ಪಾಚಿಯ ಒಳಗೆ ಹೋಗೋಣ. ಎಲ್ಲ ಗಿಡಗಳಲ್ಲಿರುವಂತೆ ಇದರಲ್ಲಿಯೂ ಪತ್ರಹರಿತ್ತು ಇದೆ. ಆದರೆ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹಿಡಿದು ನಡುವಿನ ಹಸಿರು, ಹಳದಿಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟುಹೋದ ಬೆಳಕನ್ನು ಹಿಡಿಯಲು ಈ ಜೀವಿಗಳು ಬೇರೆ ವರ್ಣದ್ರವ್ಯಗಳನ್ನು ಇಟ್ಟುಕೊಂಡಿವೆ: ಕೆಂಪಾದ ಫೈಕೊಎರಿಥ್ರಿನ್, ನೀಲಿಯಾದ ಫೈಕೊಸಯಾನಿನ್, ಅದಕ್ಕಿಂತ ತುಸು ಭಿನ್ನವಾದ ಅಲೊಫೈಕೊಸಯಾನಿನ್. ಇವು ಜೀವಕೋಶದಲ್ಲಿ ಕ್ರಮವಾಗಿ ಜೋಡಿಸಲ್ಪಟ್ಟಿವೆ. ಅಗಸ್ತ್ಯತೀರ್ಥದ ಮೆಟ್ಟಿಲುಗಳನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಮಳೆಯ ನೀರು ಮೇಲಿನ ಮೆಟ್ಟಿಲಿಗೆ ಬಿದ್ದು, ಅಲ್ಲಿಂದ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಇಳಿದು ಕೊನೆಗೆ ಹೊಂಡ ಸೇರುತ್ತದೆ. ಹಾಗೆಯೇ ಫೈಕೊಎರಿಥ್ರಿನ್ ಹಿಡಿದ ಬೆಳಕಿನ ಶಕ್ತಿ ಫೈಕೊಸಯಾನಿನ್ನಿಗೆ, ಅಲ್ಲಿಂದ ಅಲೊಫೈಕೊಸಯಾನಿನ್ನಿಗೆ, ಕೊನೆಗೆ ಪತ್ರಹರಿತ್ತಿಗೆ ಇಳಿಯುತ್ತದೆ. ಹೆಚ್ಚಿನ ಪಾಲು ಹೊಂಡಕ್ಕೆ ಸೇರುತ್ತದೆ. ಆದರೆ ಒಂದೊಂದು ಮೆಟ್ಟಿಲಲ್ಲಿಯೂ ಅಷ್ಟಿಷ್ಟು ತುಳುಕುತ್ತದೆ. ಆ ತುಳುಕಿದ್ದೇ ನಮ್ಮ ಕಣ್ಣಿಗೆ ಪ್ರತಿದೀಪ್ತಿಯಾಗಿ ಕಾಣುವುದು.

ಒಂದೊಂದು ಮೆಟ್ಟಿಲಿನ ತುಳುಕಿಗೂ ತನ್ನದೇ ಬಣ್ಣ. ಬೆಳಕಿನ ಅಲೆಯ ಉದ್ದವನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ನೇರಳೆ ೪೦೦ರ ಆಸುಪಾಸು, ಕೆಂಪಿನ ಕೊನೆ ೭೦೦. ಫೈಕೊಎರಿಥ್ರಿನ್ ಸುಮಾರು ೫೭೫ರಲ್ಲಿ ಕಿತ್ತಳೆಯಾಗಿಯೂ, ಫೈಕೊಸಯಾನಿನ್ ಸುಮಾರು ೬೫೦ರಲ್ಲಿ ಕೆಂಪಾಗಿಯೂ, ಪತ್ರಹರಿತ್ತು ಸುಮಾರು ೬೮೦ರಲ್ಲಿ ಕಡುಗೆಂಪಾಗಿಯೂ ಹೊಳೆಯುತ್ತವೆ. ಆದ್ದರಿಂದ ಕಡಲ ನೀರಿನ ಹನಿಯ ಮೇಲೆ ನೀಲಿ ಬೆಳಕನ್ನು ಬಿಟ್ಟು, ಆ ನೀಲಿ ಕಣ್ಣಿಗೆ ತಲಪದಂತೆ ನಡುವೆ ಬಣ್ಣದ ಗಾಜನ್ನಿಟ್ಟು ನೋಡಿದರೆ ಸಾಮಾನ್ಯ ಪಾಚಿಗಳು ಕೆಂಪಾಗಿ ಕಾಣುತ್ತವೆ, ಫೈಕೊಎರಿಥ್ರಿನ್ ಉಳ್ಳ ನೀಲ-ಹಸಿರು ಜೀವಿಗಳು ಕಿತ್ತಳೆಯಾಗಿ ಕಾಣುತ್ತವೆ, ಉಳಿದ ಬ್ಯಾಕ್ಟೀರಿಯಗಳು ಕಾಣುವುದೇ ಇಲ್ಲ.

ಇಷ್ಟು ಸರಳವಾದ ಸಂಗತಿ ಯಾರಿಗೂ ಬಹುಕಾಲ ಹೊಳೆಯಲಿಲ್ಲವೆಂಬುದೇ ಆಶ್ಚರ್ಯ. ಹೊಳೆದದ್ದು ನಮ್ಮ ಅರಬ್ಬೀ ಸಮುದ್ರದಲ್ಲಿಯೇ. ೧೯೭೭ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಜಾನ್ ವಾಟರ್‌ಬರಿ ಎಂಬವರು 'ಅಟ್ಲಾಂಟಿಸ್ ೨' ಎಂಬ ಹಡಗಿನಲ್ಲಿ ಇಲ್ಲಿಗೆ ಬಂದಿದ್ದರು. ಕಡಲಿನ ಬ್ಯಾಕ್ಟೀರಿಯಗಳಿಗೆ ಹೊಳೆಯುವ ಬಣ್ಣ ಹಾಕಿ ಎಣಿಸುವ ಹೊಸ ವಿಧಾನವನ್ನು ಬಳಸುವುದು ಅವರ ಉದ್ದೇಶ. ಎಚ್ಚರದ ಕೆಲಸಗಾರರಾದ ಅವರು ಬಣ್ಣ ಹಾಕದ ನೀರನ್ನೂ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕತ್ತಲೆ ಕಾಣಬೇಕಾದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಪ್ರಜ್ವಲಿಸುತ್ತಿದ್ದವು. ಯಾರೂ ಹಚ್ಚದ ಬಣ್ಣ! ಅದು ಸಿನೆಕೊಕಾಕಸ್ ಎಂಬ ನೀಲ-ಹಸಿರು ಜೀವಿ. ೧೯೭೯ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾದ ಮೇಲೆ ನೋಡಿದ ಕಡಲಲ್ಲೆಲ್ಲ ಇದು ಸಿಕ್ಕಿತು. ಒಂದು ಮಿಲಿಲೀಟರ್ ನೀರಿನಲ್ಲಿ ಸಾವಿರದಿಂದ ಲಕ್ಷದವರೆಗೆ. ಕಾರವಾರದಲ್ಲಿ ನಾವು ಈಜಿದ ನೀರಿನಲ್ಲಿಯೂ ಇದ್ದಿರಬೇಕು. ನಮ್ಮ ದಡಕ್ಕೆ ಬಡಿಯುವ ಕಡಲಿನ ಈ ಮಾತು ನಮ್ಮ ಶಾಲೆಯ ಪುಸ್ತಕಗಳಲ್ಲಿ ನನಗೆಲ್ಲಿಯೂ ಸಿಕ್ಕಿರಲಿಲ್ಲವೆಂಬುದು ನನಗೆ ತುಸು ಬೇಸರ ತಂದಿತು.

ಬಣ್ಣದಿಂದ ಜೀವಿಯನ್ನಷ್ಟೇ ಅಲ್ಲ, ಅದು ಬಾಳಿದ ನೀರನ್ನೂ ಗುರುತಿಸಬಹುದು. ಇದನ್ನು ತಿಳಿಯಲು ಕಡಲು ನೀಲಿಯೇಕೆ ಎಂಬ ಪ್ರಶ್ನೆಗೆ ಹೋಗಬೇಕು. ೧೯೨೧ರಲ್ಲಿ ವಿಲಾಯತಿಯಿಂದ 'ನಾರ್ಕುಂಡಾ' ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ನರು ಆ ನೀಲಿ ಆಕಾಶದ ಪ್ರತಿಬಿಂಬವಲ್ಲ, ನೀರಿನ ಕಣಗಳೇ ಬೆಳಕನ್ನು ಚೆದರಿಸುವುದರಿಂದ ಬಂದದ್ದೆಂದು ತೋರಿಸಿದರು. (ಮುಂದೆ ಅವರ ಹೆಸರಿನ ಪರಿಣಾಮವಾಗಿ ಪ್ರಸಿದ್ಧವಾದ ಮಂದ ಬೆಳಕನ್ನು ೧೯೨೩ರಲ್ಲಿ ಅವರ ಶಿಷ್ಯರು ಮೊದಲು ಕಂಡಾಗ ದುರ್ಬಲ ಪ್ರತಿದೀಪ್ತಿಯೆಂದೇ ತಿಳಿದಿದ್ದರು, ಅಲ್ಲವೆಂದು ತಿಳಿಯಲು ಐದು ವರ್ಷ ಬೇಕಾಯಿತು.) ಜೊತೆಗೆ ನೀರು ಕೆಂಪು ಬೆಳಕನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ, ತಿಳಿಯಾದ ನಡುಗಡಲಲ್ಲಿ ನೂರು ಮೀಟರಿನ ಆಳಕ್ಕೂ ಇಳಿಯುವುದು ನೀಲಿಯೊಂದೇ. ಅಲ್ಲಿ ಬಾಳುವ ಸಿನೆಕೊಕಾಕಸ್ಸಿನ ಫೈಕೊಎರಿಥ್ರಿನ್ ೪೯೫ ನ್ಯಾನೊಮೀಟರಿನ ನೀಲಿಯನ್ನು ಚೆನ್ನಾಗಿ ಹಿಡಿಯುತ್ತದೆ. ದಡದ ಹತ್ತಿರ ನೀರು ಹಸಿರಾಗುತ್ತದೆ. ಅಲ್ಲಿಯವುಗಳ ಫೈಕೊಎರಿಥ್ರಿನ್ ೫೪೫ರ ಹಸಿರಿಗೆ ಒಗ್ಗಿದ್ದು. ನದಿ ಕಡಲು ಸೇರುವ ಕೆಸರು ನೀರಿನಲ್ಲಿ ಫೈಕೊಎರಿಥ್ರಿನ್ನೇ ಇಲ್ಲದ, ಫೈಕೊಸಯಾನಿನ್ನನ್ನೇ ನೆಚ್ಚಿದ ಬಗೆಗಳು ಹೆಚ್ಚು. ಯಾವ ಬೆಳಕು ಕೊಟ್ಟಾಗ ಎಷ್ಟು ಹೊಳೆಯಿತೆಂದು ಅಳೆದರೆ ಇದು ನಡುಗಡಲಿನದೋ ನದೀಮುಖದ್ದೋ ಹೇಳಬಹುದು.

ಇದನ್ನು ಓದಿದಾಗ ನನಗೆ ತಂದೆಯವರ ನೆನಪಾಯಿತು. ಅವರು ಗುಳೇದಗುಡ್ಡದಲ್ಲಿ ಖಣ ನೇಯುವವರು. ಶಾಲೆ ಬಿಟ್ಟದ್ದು ನಾಲ್ಕನೆಯ ಇಯತ್ತೆಗೆ. ಆದರೆ ನೂಲಿನ ಲಡಿಯನ್ನು ಒಳಗೆ ದೀಪದಲ್ಲಿ ಒಮ್ಮೆ, ಅಂಗಳಕ್ಕೆ ತಂದು ಬಿಸಿಲಲ್ಲಿ ಒಮ್ಮೆ ನೋಡದೆ ಅವರು ಎಂದೂ ಕೊಂಡವರಲ್ಲ. ಎರಡು ಬೆಳಕಿನಲ್ಲಿ ನೋಡಿದರೆ ಬಣ್ಣದ ಗುಟ್ಟು ಹೊರಬೀಳುತ್ತದೆಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಕೆಲವು ಸಿನೆಕೊಕಾಕಸ್ ಬಗೆಗಳಂತೂ ಸುತ್ತಲಿನ ಬೆಳಕು ಬದಲಾದಾಗ ತಮ್ಮ ಬಣ್ಣದ ಹದವನ್ನೇ ಬದಲಿಸಿಕೊಳ್ಳುತ್ತವೆ.

ಸೂಕ್ಷ್ಮದರ್ಶಕದಲ್ಲಿ ಕಣ್ಣು ಸೋಲುವಷ್ಟು ಎಣಿಸುವುದು ಕಷ್ಟವಾದ್ದರಿಂದ ಫ್ಲೋ ಸೈಟೊಮೀಟರ್ ಎಂಬ ಯಂತ್ರ ಬಂದಿದೆ. ಸಣ್ಣ ನಳಿಗೆಯಲ್ಲಿ ನೀರು ಹರಿಯುತ್ತಿರುವಾಗ ಕೋಶಗಳು ಸಾಲಾಗಿ ಒಂದೊಂದೇ ಲೇಸರ್ ಬೆಳಕನ್ನು ದಾಟುತ್ತವೆ. ಪ್ರತಿಯೊಂದರ ಗಾತ್ರವನ್ನೂ ಕಿತ್ತಳೆ, ಕೆಂಪುಗಳನ್ನೂ ಯಂತ್ರ ಬರೆದುಕೊಳ್ಳುತ್ತದೆ. ಸ್ಯಾಲಿ ಚಿಶೋಮ್, ರಾಬ್ ಓಲ್ಸನ್ ಮೊದಲಾದವರು ಇದನ್ನು ಹಡಗಿನ ಮೇಲೆ ಒಯ್ದಾಗ ಅಳತೆಯ ಅಂಚಿನಲ್ಲಿ ಬಹಳ ಮಂದವಾದ ಕೆಂಪು ಗುರುತುಗಳು ಕಂಡವು. ಯಂತ್ರದ ಗದ್ದಲವಿರಬಹುದೆಂದು ಮೊದಲು ಶಂಕಿಸಿದರು. ಅದು ಪ್ರೊಕ್ಲೊರೊಕಾಕಸ್, ೧೯೮೮ರಲ್ಲಿ ಲೋಕಕ್ಕೆ ತಿಳಿಯಿತು. ಮೇಲೆ ಹೇಳಿದ ಮೆಟ್ಟಿಲುಗಳ ಸಾಲೇ ಇದಕ್ಕಿಲ್ಲವಾದ್ದರಿಂದ ಕಿತ್ತಳೆಯಾಗಿ ಹೊಳೆಯದೆ ಇಷ್ಟು ಕಾಲ ಅಡಗಿತ್ತು. ಬೆಳಕಿನಿಂದ ಬಾಳುವ ಜೀವಿಗಳಲ್ಲಿ ಭೂಮಿಯ ಮೇಲೆ ಸಂಖ್ಯೆಯಲ್ಲಿ ಅತಿ ಹೆಚ್ಚಿನದು ಇದೇ.

ಈ ವಿಧಾನಕ್ಕೆ ಮಿತಿಯೂ ಉಂಟು. ಕ್ರಿಪ್ಟೊಫೈಟ್ ಎಂಬ ಬೇರೆ ಕುಲದ ಪಾಚಿಗಳಲ್ಲಿಯೂ ಒಂದು ಬಗೆಯ ಫೈಕೊಎರಿಥ್ರಿನ್ ಇದ್ದು ಅವೂ ಕಿತ್ತಳೆಯಾಗಿ ಹೊಳೆಯುತ್ತವೆ. ಗಾತ್ರ ದೊಡ್ಡದಾದ್ದರಿಂದ ಬೇರ್ಪಡಿಸಬೇಕು. ತಂದಿಟ್ಟ ನೀರಿನಲ್ಲಿ ಹೊಳಪು ದಿನಗಳೆದಂತೆ ಮಾಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣ ಕುಲವನ್ನು ಹೇಳುತ್ತದೆ, ಗುಣವನ್ನು ಹೇಳುವುದಿಲ್ಲ. ಇದು ನೀಲ-ಹಸಿರು ಜೀವಿಯೆಂದು ತಿಳಿಯಬಹುದು. ಇದರಲ್ಲಿ ವಿಷವಿದೆಯೇ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಕು.

ವಿಷ! ಮತ್ತೆ ಮಾವನ ಕೆರೆಗೆ ಬಂದೆ. ಆಸ್ಟ್ರೇಲಿಯದಲ್ಲಿ ಕಡಲಂಚಿನ ಅಲೆಕ್ಸಾಂಡ್ರಿನ ಎಂಬ ಸರೋವರದ ನೀರು ಕುಡಿದು ದನ, ಕುರಿಗಳು ಸತ್ತುದಕ್ಕೆ ನೊಡುಲೇರಿಯ ಎಂಬ ನೀಲ-ಹಸಿರು ಪಾಚಿ ಕಾರಣವೆಂದು ಜಾರ್ಜ್ ಫ್ರಾನ್ಸಿಸ್ ಎಂಬವರು ೧೮೭೮ರಷ್ಟು ಹಿಂದೆಯೇ 'ನೇಚರ್' ಪತ್ರಿಕೆಗೆ ಬರೆದಿದ್ದರು. ಬಿಸಿಲಿಗೆ ಕೆನೆಗಟ್ಟಿದ ಇಂಥ ನೀರಿನಿಂದ ಜಾನುವಾರು ಸಾಯುವುದು ಅನಂತರ ಹಲವು ದೇಶಗಳಲ್ಲಿ ಕಂಡುಬಂದಿದೆ. ಈಗ ಕುಡಿಯುವ ನೀರಿನ ಜಲಾಶಯಗಳಲ್ಲಿ ೬೨೦ರ ಕಿತ್ತಳೆ ಬೆಳಕು ಬಿಟ್ಟು ೬೫೦ರ ಕೆಂಪನ್ನು ಅಳೆಯುವ ಸಲಕರಣೆಯನ್ನು ನೀರಿನಲ್ಲಿ ಇಳಿಬಿಟ್ಟು ಫೈಕೊಸಯಾನಿನ್ನಿನ ಮೇಲೆ ಕಣ್ಣಿಡುವ ಪದ್ಧತಿ ಹಲವೆಡೆ ಇದೆ.

ಅಂಥ ಸಲಕರಣೆ ನನಗೆಲ್ಲಿಯದು? ಆದರೆ ಫೈಕೊಸಯಾನಿನ್ ನೀರಿನಲ್ಲಿ ಕರಗುವಂಥದು, ಪತ್ರಹರಿತ್ತು ಕರಗದು ಎಂದು ಓದಿದ್ದೆ. ಈ ಬೇಸಗೆಯಲ್ಲಿ ಮಾವನ ಊರಿಗೆ ಹೋದಾಗ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೆರೆಯ ಹಸಿರು ಕೆನೆಯನ್ನು ಬಟ್ಟೆಯ ಮೇಲೆ ಬಳಿದು ನೆರಳಿನಲ್ಲಿ ಒಣಗಿಸಿದೆ. ಅದನ್ನು ಗುಳೇದಗುಡ್ಡಕ್ಕೆ ತಂದು, ಗಾಜಿನ ಬಾಟಲಿಯ ತಿಳಿನೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು ಬೆಳಿಗ್ಗೆ ಸೋಸಿದೆ. ಸಾಮಾನ್ಯ ಹಸಿರು ಪಾಚಿಯಾಗಿದ್ದರೆ ನೀರಿಗೆ ನೀಲಿ ಇಳಿಯಬಾರದಾಗಿತ್ತು. ಇಳಿದದ್ದು ಚೊಕ್ಕ ನೀಲಿ. ಬಾಟಲಿಯ ಹಿಂದೆ ಕರಿಯ ಬಟ್ಟೆ ಹಿಡಿದು ಬಿಸಿಲಿಗೆ ಓರೆಯಾಗಿ ನೋಡಿದರೆ ಆ ನೀಲಿಯೊಳಗಿನಿಂದ ಕೆಂಪು ಛಾಯೆ ಎದ್ದು ಬರುತ್ತಿತ್ತು. ತಂದೆಯವರು ಮಗ್ಗದಿಂದ ಎದ್ದು ಬಂದು ಬಾಟಲಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ತಮ್ಮಾ, ಇದು ಎರಡು ಬಣ್ಣದ ನೀರು ಐತಿ. ಹಾಸು ಒಂದು, ಹೊಕ್ಕು ಒಂದು" ಎಂದರು.

ಮರುವಾರ ಬಾಟಲಿಯನ್ನು ಮಾವನಿಗೆ ತೋರಿಸಿ, ಪಾಚಿಯಲ್ಲಿಯೇ ವಿಷ ಹುಟ್ಟಬಹುದೆಂಬುದನ್ನೂ, ಆದರೆ ಈ ಬಾಟಲಿಯಿಂದ ಅಷ್ಟನ್ನು ಹೇಳಲಾಗದೆಂಬುದನ್ನೂ ತಿಳಿಯಹೇಳಿದೆ. ಅವನು ಸುಮ್ಮನೆ ಕೇಳಿದನು. ನೆರೆಮನೆಯ ಕಡೆ ಒಮ್ಮೆ ನೋಡಿದನು. ಬಳಿಕ, "ಆ ವರ್ಷದ ನೀರಿನ್ಯಾಗೂ ಇದs ಇತ್ತೇನು?" ಎಂದು ಕೇಳಿದನು.

ಆ ವರ್ಷದ ನೀರನ್ನು ಯಾರೂ ಎತ್ತಿಟ್ಟಿರಲಿಲ್ಲ. ಹಾಗೆಂದು ಹೇಳಿದೆ. ಅವನು ಬಾಟಲಿಯನ್ನು ನನ್ನ ಕೈಗೆ ಮರಳಿ ಕೊಡಲಿಲ್ಲ. ಒಳಗೆ ಒಯ್ದು ಮಾಡದಲ್ಲಿ ಇಟ್ಟುಕೊಂಡನು.